ಪಟ್ಟಿಯಲ್ಲಿ ಇಲ್ಲದ್ದು

ಎಷ್ಟು ಜಾಗ್ರತೆಯಿಂದ ಪಟ್ಟಿ ಬರೆದರೂ ಒಂದು ಸಾಮಾನು ಬಿಟ್ಟುಹೋಗುತ್ತದೆ, ಎಲ್ಲ ನಿಂತುಹೋಗುವುದು ಅದರಿಂದಲೇ. ನನಗಿದು ಮೇಲಿಂದ ಮೇಲೆ ಆಗಿದೆ.

ಎಂಬತ್ತರ ದಶಕದ ಕೊನೆಗೆ ಹಾನಗಲ್ಲಿನ ಹತ್ತಿಬೀಜದ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಬೀಜದ ಚೀಲಕ್ಕೆ ಹೊಲಿಯುವ ಚೀಟಿಯನ್ನು ಅದೇ ಅಚ್ಚು ಹಾಕಬೇಕು. ತಳಿ ಬದಲಾದಾಗಲೆಲ್ಲ ಹತ್ತಾರು ಫೈಲು ಕೂಡಿಸಿ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಬೇಕು. ಯಾವುದಕ್ಕೆ ಯಾವ ಫೈಲು ಬೇಕೆಂದು ನಾನು ಬರೆದ ಪಟ್ಟಿ ನೋಡಿ ಯಂತ್ರವೇ ಕಟ್ಟುತ್ತಿತ್ತು. ಮಾಲೀಕರು ಮೊದಲ ದಿನವೇ ಹೇಳಿದ್ದರು: "ಚೀಟಿ ಇಲ್ದ ಒಂದ್ ಲಾರಿ ನಿಂತ್ರ, ನೀವೂ ಮಷಿನ್ನೂ ಕೂಡೇ ಮನಿಗೆ ಹೋಗ್ರಿ."

೧

ಯಾರೂ ಕೇಳದ ಒಂದು ಹಳೆಯ ಫೈಲನ್ನು ಅಳಿಸಿದೆ. ಚೀಟಿಯ ಫೈಲಿಗೆ ತೂಕದ ಫೈಲು ಬೇಕಿತ್ತು, ತೂಕದ ಫೈಲಿಗೆ ತಳಿಯ ಹೆಸರುಗಳಿದ್ದ ಆ ಹಳೆಯದು. ತಳಿಯ ಹೆಸರೇ ಇಲ್ಲದ ಚೀಟಿಗಳು ಬಂದವು. ಗೋದಾಮಿನ ಮೇಸ್ತ್ರಿ ಒಂದನ್ನು ಬೆಳಕಿಗೆ ಹಿಡಿದು ನೋಡಿದ.

"ಸಾಹೇಬ್ರ, ಬಿತ್ತಿದ ಮ್ಯಾಲೆ ಗೊತ್ತಾಗ್ತೇತಿ ಅಂತಾದ್ರೂ ಬರೀರಿ."

೨

ಶಿಗ್ಗಾಂವಿಯ ಶಾಖೆಗೂ ಒಂದು ಯಂತ್ರ ಬಂತು. ಪ್ರೋಗ್ರಾಂ ಒಯ್ದೆ, ಅಕ್ಷರದ ಫೈಲು ಕೇಳಿತು. ಮರುದಿನ ಅದನ್ನು ಒಯ್ದೆ. ಅದು ಪ್ರಿಂಟರಿನ ಫೈಲು ಕೇಳಿತು. ಮೂರನೆಯ ದಿನ ಅದನ್ನೂ ಕೊಟ್ಟೆ. ಇನ್ನೇನೋ ಬೇಕೆಂದಿತು, ಏನೆಂದು ಹೇಳಲಿಲ್ಲ.

ಸಂಜೆ ಬಸ್ಸಿನಿಂದ ಇಳಿಯುವಾಗ ಕಂಡಕ್ಟರ್ ಕೇಳಿದ: "ನಾಳಿಗೂ ಕಿಡಕಿ ಸೀಟ್ ಹಿಡೀಲೇನ್ರಿ?"

೩

ಬಿತ್ತನೆಯ ಹೊತ್ತು. ಸವಣೂರಿಗೆ ಹೋಗುವ ಲಾರಿ ಬಾಗಿಲಲ್ಲಿ ನಿಂತಿತ್ತು, ಪ್ರೋಗ್ರಾಂ ಕಟ್ಟಲೊಲ್ಲದು. ನಮ್ಮ ಕಚೇರಿಯ ಗುಮಾಸ್ತೆ ಅಕ್ಕ ಹಿರೇಕೆರೂರಿನ ತವರಿಗೆ ಹೋಗಿದ್ದರು. ಎರಡು ದಿನ ಒಂದೊಂದೇ ಸಾಲು ಓದಿದೆ, ತಪ್ಪು ಸಿಗಲಿಲ್ಲ. ಮಾಲೀಕರು ಬಂದು ನಿಂತು, ಒಮ್ಮೆ ಲಾರಿ ನೋಡಿದರು, ಒಮ್ಮೆ ನನ್ನನ್ನು.

ಮೂರನೆಯ ಬೆಳಿಗ್ಗೆ ಅಕ್ಕ ಬಂದರು. ಚಪ್ಪಲಿ ಬಿಟ್ಟು, ದೇವರ ಫೋಟೋದ ಹಿಂದಿನಿಂದ ಕುಂಕುಮ ಹಚ್ಚಿದ ಫ್ಲಾಪಿಯೊಂದನ್ನು ತೆಗೆದು, ಯಂತ್ರದಲ್ಲಿ ನಾನೆಂದೂ ಬಳಸದ ಮೇಲಿನ ಕಂಡಿಗೆ ತೂರಿಸಿ ಕೈ ಮುಗಿದರು.

ಪ್ರೋಗ್ರಾಂ ಸರಸರ ಕಟ್ಟಿಕೊಂಡಿತು.

"ಅಕ್ಕಾ, ಏನದು?"

"ಮಷಿನ್ ಜೋಡಿ ಬಂದದ್ದರಿ, ಪೂಜಿ ಮಾಡಿದ ದಿನದ್ದು. ದಿನಾ ನೀವು ಬರೂಕಿಂತ ಮೊದಲ ಹಾಕ್ತೇನಿ, ಸಂಜಿಗೆ ತಗೀತೇನಿ."

ಎಲ್ಲ ಫೈಲುಗಳ ತಳದಲ್ಲಿದ್ದ ಫೈಲು ಅದರಲ್ಲಿತ್ತು. ಶಿಗ್ಗಾಂವಿಯ ಯಂತ್ರ ಕೇಳಿದ್ದೂ ಅದನ್ನೇ. ನಮ್ಮೆಲ್ಲರ ಅನ್ನ ಇಷ್ಟು ದಿನ ಅಕ್ಕನ ಭಕ್ತಿಯ ಮೇಲೆ ನಿಂತಿತ್ತು. ಪಟ್ಟಿ ತೆರೆದು ಆ ಫೈಲಿನ ಹೆಸರು ಸೇರಿಸಿದೆ.

ಅಕ್ಕ ಬಗ್ಗಿ ನೋಡಿದರು. "ಕೈ ಮುಗಿಯೂದೂ ಬರಕೊಂಡ್ರೇನ್ರಿ?"

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಇಲ್ಲದ ಉಸಾಬರಿ ಯಾಕೆಂದು ಅದನ್ನೂ ಬರೆದೆ.