ಒಂಬತ್ತನೆಯ ಚೀಟಿ

ಮಣ್ಣಿಗೇ ಕಾಲು ಮೂಡಿ, ಬಳ್ಳಾರಿಯ ಗುಡ್ಡಗಳು ಲಾರಿ ಹತ್ತಿ ಸಮುದ್ರ ನೋಡಲು ಹೊರಟಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಕುಡತಿನಿ ದಾರಿಯ ಲಾರಿ ಆಫೀಸಿನಲ್ಲಿ ಶಬಾನಾ ಎಂಬ ಹುಡುಗಿ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದಳು. ಅವಳ ಅಬ್ಬಾ ಗೌಸಸಾಬನಿಗೆ ಒಂದು ಮುದಿ ಲಾರಿಯಿತ್ತು. ಏರು ಬಂದರೆ ದಮ್ಮಿನ ಅಜ್ಜನ ಹಾಗೆ ಕೆಮ್ಮುತ್ತಿತ್ತು.

ಅಂದು ಅದಿರಿನ ಲೋಡು ಚೀಟಿಯ ಸರದಿಯಂತೆ ಮೊದಲ ನಲವತ್ತು ಲಾರಿಗೆ ಮಾತ್ರ. ಮರುದಿನದಿಂದ ಹಳೆಯ ಲಾರಿಗಳಿಗೆ ಗಣಿಯ ಗೇಟೇ ಬಂದ್. ಕೊನೆಯದೊಂದು ಲೋಡು ಹೊರಿಸಿ, ಮೂವತ್ತು ವರ್ಷದ ಜೊತೆಗಾರನಾದ ಆ ಲಾರಿಗೆ ಸಮುದ್ರ ತೋರಿಸಿ ಬರಬೇಕೆಂದು ಗೌಸಸಾಬ ಜೀವಮಾನದಲ್ಲಿ ಮೊದಲ ಸಲ ಬೇಗ ಬಂದು, ಒಂಬತ್ತನೆಯ ಚೀಟಿ ಹಿಡಿದಿದ್ದ.

ನೂರಿಪ್ಪತ್ತು ಚೀಟಿಗಳ ನಂಬರನ್ನು ಗುಮಾಸ್ತರು ಅವಸರದಲ್ಲಿ ಎರಡೆರಡು ಸಲ ಬರೆದಿದ್ದರು. ಶಬಾನಾ ಎಲ್ಲವನ್ನೂ ಕಂಪ್ಯೂಟರಿನಲ್ಲಿ, ಒಂದೇ ನಂಬರನ್ನು ಎರಡು ಸಲ ಇಟ್ಟುಕೊಳ್ಳದ ‘ಸೆಟ್’ ಎಂಬ ಗೂಡಿಗೆ ಸುರಿದಳು. ಎರಡನೆಯ ಸಲದವು ತಾವೇ ಉದುರಿದವು. ಉಳಿದವು ಮಾತ್ರ ಸಂತೆಯ ಜನದಂತೆ ಎಲ್ಲೆಂದರಲ್ಲಿ ನಿಂತವು. ಸಾಲಾಗಿ ನಿಲ್ಲಿರೆಂದು ಅವಕ್ಕೆ ಅಪ್ಪಣೆ ಕೊಟ್ಟು, ಬಂದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಚಹಾಕ್ಕೆ ಕೂತಳು.

ಮೊದಲು ನುಗ್ಗಿದವಳು ಎರಡು ಲಾರಿಗಳ ಒಡತಿ ಕೊಟ್ರಮ್ಮ.

“ಏನವ್ವಾ, ನನ್ನ ಚೀಟಿ ಮೂರು. ಪಟ್ಟ್ಯಾಗ ನಲವತ್ನಾಲ್ಕಕ್ಕ ಹೋಗಿ ಕುಂತೈತಿ. ನಿನ್ನ ಕಂಪ್ಯೂಟರ್ ಯಾವ ಸಾಲ್ಯಾಗ ಕಲ್ತೈತಿ?”

“ನೂರರ ಚೀಟಿ ಮೂರನೇದಾಗೈತಿ,” ಎಂದ ಗುಮಾಸ್ತ ಎರ್ರಣ್ಣ. “ನಮ್ಮ ಮನಿ ಕೋಳಿನೂ ಇದಕ್ಕಿಂತ ಚಂದ ಎಣಸ್ತೈತಿ.”

ಶಬಾನಾಳ ಬಾಯೊಳಗಿನ ಚಹಾ ತಣ್ಣಗಾಯಿತು. ನಂಬರುಗಳನ್ನು ಅವಳು ಅಕ್ಷರಗಳೆಂದು ತುಂಬಿದ್ದಳು. ಕಂಪ್ಯೂಟರು ಹಾಜರಿ ಮೇಷ್ಟರಂತೆ ಮೊದಲಕ್ಷರ ನೋಡಿ, ಒಂದರಿಂದ ಶುರುವಾಗುವ ಹತ್ತು, ನೂರು, ನೂರಹನ್ನೆರಡನ್ನೆಲ್ಲ ಎರಡಕ್ಕಿಂತ ಮುಂದೆ ನಿಲ್ಲಿಸಿತ್ತು. ಅಬ್ಬಾನ ಒಂಬತ್ತು ಹೋಗಿ ನೂರಹತ್ತನೆಯ ಜಾಗದಲ್ಲಿ ಬಿದ್ದಿತ್ತು.

“ಗೇಟು ತೆಗಿಯೋದ್ರೊಳಗ ಸರಿ ಮಾಡಿ ಕೊಡ್ತೀನ್ರಿ,” ಎಂದಳು.

ಸುತ್ತ ನೆರೆದವರಲ್ಲಿ ಒಬ್ಬ ಯಾವ ಗುಂಡಿ ಒತ್ತಬೇಕೆಂದು ಬುದ್ಧಿ ಹೇಳಿದ. ಇನ್ನೊಬ್ಬ ಕಂಪ್ಯೂಟರಿಗೆ ಊದುಬತ್ತಿ ಬೆಳಗಿದ. ಆ ಹೊಗೆಯಲ್ಲೇ ಕಣ್ಣೊರೆಸಿಕೊಳ್ಳುತ್ತ ಅವಳು ಅಕ್ಷರಗಳನ್ನೆಲ್ಲ ಅಂಕಿಗಳಾಗಿಸಿ ಮತ್ತೆ ಸಾಲು ಹಚ್ಚಿದಳು. ಒಂಬತ್ತು ಒಂಬತ್ತರಲ್ಲೇ ಬಂತು.

ಪಟ್ಟಿ ಹಿಡಿದು ಲಾರಿಯತ್ತ ಓಡಿದಳು. “ಅಬ್ಬಾ, ಗಾಡಿ ಚಾಲೂ ಮಾಡು. ನಿಂದು ಒಂಬತ್ತನೇದು.”

ಗೌಸಸಾಬ ಮೆಲ್ಲಗೆ ಚೀಟಿ ತೋರಿಸಿದ. ನೂರಹನ್ನೆರಡು. ಹಿಂಬದಿಗೆ ಅದಲುಬದಲಿನ ಮುದ್ರೆ. ಒಂದು ಸಲ ಅದು ಬಿದ್ದ ಚೀಟಿಯನ್ನು ಮತ್ತೆ ಬದಲಿಸುವಂತಿಲ್ಲ ಎಂಬುದು ಆಫೀಸಿನ ಕಟ್ಟಳೆ.

“ನಮ್ಮ ಉಜ್ಜಿನಪ್ಪಂದು ಹೊಸಾ ಗಾಡಿ, ನಾಳೆನೂ ಲೋಡ್ ಸಿಗತೈತಿ. ಗ್ವಾಡಿ ಮ್ಯಾಲಿನ ಪಟ್ಟ್ಯಾಗ ಅವನ ಈ ಚೀಟಿ ಹದಿನಾರನೇದಿತ್ತು. ‘ನೀ ಹೋಗಿ ಬಾ ಗೌಸಣ್ಣ’ ಅಂತ ಅದನ್ನ ನನಗ ಕೊಟ್ಟು, ನಂದು ತಗೊಂಡ. ಪುಣ್ಯಾತ್ಮ.”

“ಕೊಟ್ರಮ್ಮನಂಗ ನೀನೂ ಬಂದು ಕೇಳಬಾರದಿತ್ತೇನು?”

“ನೀ ಮಾಡಿದ ಪಟ್ಟಿ ಅಲ್ಲೇನವ್ವಾ. ತಪ್ಪಿರತೈತಿ ಅಂತ ನನಗ ಅನ್ನಿಸಲೇ ಇಲ್ಲ.”

ಎರ್ರಣ್ಣ ಬಂದು ಅವಳ ಕೈಯಿಂದ ಪಟ್ಟಿ ಇಸಿದುಕೊಂಡು ಹೋಗಿ ಗೋಡೆಗೆ ಅಂಟಿಸಿದ. ಈ ಸಲ ಒಂದು ಅಂಕಿಯೂ ಹಿಂದುಮುಂದಾಗಿರಲಿಲ್ಲ.