ಕುಚ್ಚು ಕಟ್ಟದ ಊರು

ನಮ್ಮ ಮನೆ ಮಾಲೀಕ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ವಾಸವಾಗಿದ್ದಾನೆ ಅಂತ ಪೋಸ್ಟ್‌ಮನ್ ನಂಬಿದ್ದಾನೆ. ಪಾಪ! ಮುದುಕ ಇರುವುದು ಪೋಲೆಂಡಿನ ಒಂದು ಊರಿನಲ್ಲಿ, ಅದೂ ಮುನ್ನೂರು ವರ್ಷದ ಹಿಂದೆ. ಇಲ್ಲಿಗೆ ಬರುವುದು ಕಸದ ಡಬ್ಬಿ ವಿಷಯದಲ್ಲಿ ನಮ್ಮನ್ನು ಬೈಯಲು ಮಾತ್ರ.

ನಾನು ಓದಿದ್ದು ಏಳನೇ ಕ್ಲಾಸು, ಇತಿಹಾಸದಲ್ಲಿ ಫೇಲು. ಇಲ್ಲೊಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು. ಅಂಥವನಿಗೆ ಇತಿಹಾಸ ಹೇಳುವುದೇ? ಚಳಿಗಾಲದಲ್ಲಿ ಒಮ್ಮೆ ಹೋಗಿ, "ಹೈಟ್ಸುಂಗ್ ಕೆಟ್ಟೈತ್ರಿ, ರೂಮು ಬೆಚ್ಚಗಾಗವಲ್ದು" ಅಂದೆ. ಮುದುಕನ ಜರ್ಮನ್ ನನ್ನ ಕಿವಿಗೆ ಬರುವಾಗ ಬಾಗಲಕೋಟಿ ಕನ್ನಡವೇ ಆಗಿರುತ್ತದೆ.

"ನಮ್ಮ ಹಿರ್ಯಾರು ಮಗ್ಗ ಗಾಡಿಗೆ ಹಾಕ್ಕೊಂಡು ಆ ಊರಿಗೆ ಬಂದಾಗ ಹೈಟ್ಸುಂಗ್ ಇತ್ತೇನು?"

ಇರಲಿಲ್ಲ, ಒಪ್ಪಿದೆ. ಇನ್ನೇನು ಮಾಡಲಿ? ಹತ್ತು ದಿನ ಕಂಬಳಿ ಹೊದ್ದೆ.

ಅವನ ಹಿರಿಯರು ಪ್ರಾಟೆಸ್ಟೆಂಟರು, ಜರ್ಮನ್ ಮಾತಿನ ನೇಕಾರರು. ಅವರ ನಾಡಿನ ಅರಸ ಧರ್ಮ ಬದಲಿಸಿ ಅಂದನಂತೆ. ಅವರು ಊರನ್ನೇ ಬದಲಿಸಿದರಂತೆ. ಪೋಲೆಂಡಿನ ಜಮೀನ್ದಾರನೊಬ್ಬ ಕರೆದು ಜಾಗ ಕೊಟ್ಟ. ಚರ್ಚು ಕಟ್ಟಿಕೊಳ್ಳಿ, ಗಂಟೆ ಮಾತ್ರ ಬೇಡ ಅಂದ. ಅದಕ್ಕೆ ಪ್ರಾರ್ಥನೆಗೆ ಬಾಗಿಲು ಬಾಗಿಲಿಗೆ ಹೋಗಿ ತಟ್ಟಿ ಕರೆಯುತ್ತಿದ್ದರಂತೆ. ಅದು ಅವರ ಕಷ್ಟ, ನನಗೇನು ಅನ್ನುತ್ತೀರಾ? ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಮುದುಕ ನಮ್ಮ ಬಾಗಿಲು ತಟ್ಟುತ್ತಾನೆ! ತಾನೇ ಹಾಕಿಸಿದ ಬೆಲ್ಲು ಪಕ್ಕದಲ್ಲೇ ಇದೆ, ಮುಟ್ಟುವುದಿಲ್ಲ.

ನನ್ನ ರೂಮ್‌ಮೇಟ್ ಹುಬ್ಬಳ್ಳಿಯ ಕಂಪ್ಯೂಟರ್ ಇಂಜಿನಿಯರ್. ಜರ್ಮನ್ ಸರ್ಕಾರ ಕಂಪ್ಯೂಟರಿನವರಿಗೆ ಅಂತ ಕೊಟ್ಟ ಗ್ರೀನ್ ಕಾರ್ಡಿನಲ್ಲಿ ಬಂದವನು. ಮುದುಕ ಅವನನ್ನು ಒಮ್ಮೆ ಮೆಟ್ಟಿಲ ಮೇಲೆ ಹಿಡಿದ.

"ನಿನ್ನ ಯಾರು ಕರದ್ರು?"

"ನಿಮ್ಮ ಸರ್ಕಾರರೀ. ಗ್ರೀನ್ ಕಾರ್ಡ್ ಕೊಟ್ಟೈತಿ, ಐದು ವರ್ಷಕ್ಕ."

"ನಮಗೂ ಜಮೀನ್ದಾರ ಪತ್ರ ಕೊಟ್ಟಿದ್ದ! ಐದು ವರ್ಷ ಅಲ್ಲ, ಸೂರ್ಯ ಚಂದ್ರ ಇರೂತನಕ ಅಂತ ಬರ್ದಿತ್ತು."

"ಮತ್ತ ಯಾಕ ಬಿಟ್ಟು ಬಂದ್ರಿ?"

"ಎರಡನೇ ಮಹಾಯುದ್ಧ ಮುಗೀತು. ಜರ್ಮನ್ ಮಾತಾಡಾವ್ರೆಲ್ಲಾ ನಡೀರಿ ಅಂದ್ರು. ನನಗ ಆರು ವರ್ಷ."

ಅವತ್ತಿನಿಂದ ನನ್ನ ಗೆಳೆಯ ವೀಸಾದ ತಾರೀಕು ದಿನಾ ನೋಡುತ್ತಾನೆ.

ಮುದುಕನಿಗೆ ಕುಂಡಿ ಊರಿ ಕೂತು ಗೊತ್ತಿಲ್ಲ. ನಿಂತೇ ಉಣ್ಣುತ್ತಾನೆ. ಬಾಗಿಲ ಹತ್ತಿರ ಒಂದು ಬ್ಯಾಗು ಸದಾ ರೆಡಿ. ಅವತ್ತು ಊರು ಬಿಡಿಸಿದ್ದು ಲಾರಿಗೆ ಹತ್ತಿಸಿಯಂತೆ. ಬೀದಿಯಲ್ಲಿ ಯಾವ ಲಾರಿ ಹಾರ್ನ್ ಹೊಡೆದರೂ ಬ್ಯಾಗು ಹಿಡಿದು ಗೇಟಿಗೆ ಓಡುತ್ತಾನೆ. ಬಿಯರ್ ಲಾರಿಯವನು ಎರಡು ಸಲ "ಹತ್ತ್ರೀ" ಅಂದಿದ್ದಾನೆ!

ಆ ಬ್ಯಾಗಿನಲ್ಲಿ ಇರುವುದು ಒಂದೇ ಮೊಳ ಬಟ್ಟೆ. ಊರು ಬಿಡುವ ದಿನ ಅವನಪ್ಪ ಮಗ್ಗದ ಮೇಲಿಂದ ಕತ್ತರಿಸಿಕೊಂಡು ಬಂದ ಅರೆಬರೆ ನೇಯ್ಗೆ. ಕಥೆ ಹೇಳಿದಾಗಲೆಲ್ಲ ಅದನ್ನು ಹೊರಗೆ ತೆಗೆದು ಬೀಸುತ್ತಾನೆ. ಯಾರೂ ಮುಟ್ಟುವ ಹಾಗಿಲ್ಲ.

ಮೊನ್ನೆ ಶನಿವಾರ ಆ ಊರು ಬಿಟ್ಟು ಬಂದವರ ಸಂಘ ಒಂದು ಬಸ್ಸು ಮಾಡಿತ್ತು, ಊರು ನೋಡಿ ಬರಲು. ಹಿಂದೆ ನಾಲ್ಕು ಸಲ ಹೆಸರು ಬರೆಸಿ ಹಿಂದೆ ಸರಿದ ಮುದುಕ ಈ ಸಲ ಹೊರಟೇ ಬಿಟ್ಟಿದ್ದ. ಬಟ್ಟೆಯನ್ನು ಆ ಚರ್ಚಿಗೆ ಕೊಟ್ಟು ಬರಬೇಕಂತೆ. ಬೆಳಿಗ್ಗೆ ಬಾಗಿಲು ದಬದಬ. ತೆಗೆದರೆ ಮುದುಕ ಬಟ್ಟೆಯನ್ನು ನನ್ನ ಮುಖಕ್ಕೆ ಹಿಡಿದ. ಅಂಚಿನ ಎಳೆ ಬಿಚ್ಚಿ ಬಿಚ್ಚಿ ಮೊಳ ಬಟ್ಟೆ ಗೇಣಾಗಿತ್ತು!

"ಊರು ಮುಟ್ಟೂದ್ರಾಗ ಏನೂ ಉಳಿಯಂಗಿಲ್ಲೋ!"

ನನಗೆ ರೇಗಿತು. "ಕಥಿ ಹೇಳಿ ಹೇಳಿ ನೀವಽ ಬಿಚ್ಚೀರಿ! ಕತ್ತರಿಸಿದ ಅಂಚಿಗೆ ಕುಚ್ಚು ಕಟ್ಟಬೇಕಂತ ಒಬ್ಬರಿಗೂ ಹೊಳೀಲಿಲ್ಲೇನು? ನೀವೆಂಥಾ ನೇಕಾರರ ಮಗಾರೀ? ಕೊಡ್ರಿ ಇಲ್ಲೆ."

ಕಿತ್ತುಕೊಂಡೆ. ನಾಲ್ಕು ನಾಲ್ಕು ಎಳೆ ಸೇರಿಸಿ ಹೊಸೆದು ಗಂಟು ಹಾಕುತ್ತಾ ಹೋದೆ. ಅಡುಗೆಗೆ ಬಂದ ಮೇಲೆ ಬೆರಳು ಮರೆತಿವೆ ಅಂದುಕೊಂಡಿದ್ದೆ. ಮರೆತಿರಲಿಲ್ಲ.

ಮುದುಕ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತ. ಬೆರಳನ್ನೇ ನೋಡುತ್ತಿದ್ದ.

"ಇದನ್ನ ಯಾರು ಕಲಿಸಿದ್ರು?"

"ನಮ್ಮವ್ವ. ನಾವೂ ನೇಕಾರರಽ. ನಮ್ಮೂರು ಇಳಕಲ್ಲ."

"ಮೂರು ವರ್ಷ ಹೇಳಽ ಇಲ್ಲಲ್ಲೋ!"

"ನೀವು ಬಾಯಿ ಮುಚ್ಚಿದ್ರಲ್ಲೇನು ನಾ ಹೇಳೂದು?"

"ಈಗ ಹೇಳು. ನಿಮ್ಮೂರು ಹ್ಯಾಂಗೈತಿ?"

ಎರಡು ಮಾತಲ್ಲಿ ಮುಗಿಸೋಣ ಅಂತ ಶುರು ಮಾಡಿದೆ. ನಮ್ಮ ಓಣಿ, ಅಪ್ಪನ ಮಗ್ಗ, ಅದರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನಾನು ಕೂರುತ್ತಿದ್ದದ್ದು. ನಿಲ್ಲಿಸಲು ಆಗಲೇ ಇಲ್ಲ. ಕಡೆಯ ಕುಚ್ಚು ಬಿಗಿಯುವಾಗ ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಇನ್ನೊಮ್ಮೆ, ಜೋರಾಗಿ.

ಬಟ್ಟೆ ಕೊಟ್ಟು, "ಏಳ್ರಿ, ಬಸ್ಸು ಬಂತು" ಅಂದೆ.

ಮುದುಕ ಕುರ್ಚಿ ಬಿಟ್ಟು ಏಳಲಿಲ್ಲ.

"ನಿಂದರಲಿ ತಗೋ ಅದು. ಮುಂದ ಹೇಳು."