ಅತ್ತೆ ಮತ್ತು ನಮ್ಮ ಎಂಟು ಹಾಡುಗಳು

ನನ್ನ ಸೋದರತ್ತೆಯ ತಲೆ ಸ್ವಲ್ಪ ಸಡಿಲ ಎಂಬುದು ನಮ್ಮ ಬನಶಂಕರಿ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಅವರ ಎದುರಿಗೆ ಹಾಗೆನ್ನುವ ಧೈರ್ಯ ಯಾರಿಗಿತ್ತು? ಅಂದರೆ ಬೇಜಾರು ಮಾಡಿಕೊಳ್ಳುತ್ತಿದ್ದರು ಅಂತಲ್ಲ. ‘ಸ್ವಲ್ಪ ಅಂದ್ರೆ ಎಷ್ಟು?’ ಎಂದು ಕೇಳುತ್ತಿದ್ದರು. ಉತ್ತರ ಸಿಗುವ ತನಕ ಎದುರಿನಿಂದ ಏಳುತ್ತಿರಲಿಲ್ಲ.

ಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದರು. ಡಾಕ್ಟರು ಉಪ್ಪು ಕಮ್ಮಿ ಮಾಡಿ ಎಂದರೆ, ಬ್ಯಾಗಿನಿಂದ ಅಡುಗೆಮನೆಯ ಚಮಚ ತೆಗೆದು ‘ಇದ್ರಲ್ಲಿ ಎಲ್ಲೀವರ್ಗೂ ಅಂತ ಗೆರೆ ಹಾಕ್ಕೊಡಿ’ ಎನ್ನುವವರು. ಬಸ್ಸಿನಲ್ಲಿ ‘ಸ್ವಲ್ಪ ಮುಂದೆ ಹೋಗಮ್ಮಾ’ ಎಂದ ಕಂಡಕ್ಟರನಿಗೆ ‘ಎಷ್ಟು ಹೆಜ್ಜೆ?’ ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಪಾಪ, ಅವನು ಎಣಿಸಿ ಹೇಳಿದ.

ಇಂಥವರ ಕೈಗೆ ನಮ್ಮ ಆಲ್ಬಂ ಸಿಕ್ಕಿತು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದ ಕಾಲ. ನಾವು ನಾಲ್ವರು ಕಾಲೇಜು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಹೆಸರು ‘ನೋ ಪಾರ್ಕಿಂಗ್’. ಇಡೀ ಜೆ.ಪಿ. ನಗರದ ಗೇಟುಗಳ ಮೇಲೆ ನಮಗೆ ಪುಕ್ಕಟೆ ಪ್ರಚಾರ. ನಾನು ಡ್ರಮ್ಸ್ ಬಾರಿಸುತ್ತಿದ್ದೆ. ಹಾಡು ಬರೆದು ಹಾಡುತ್ತಿದ್ದವನು ಉತ್ತರಹಳ್ಳಿಯ ಪ್ರಶಾಂತ. ನಮ್ಮದು ಪಾಪ್-ಪಂಕ್. ಹಾಗಂದರೇನು ಎಂದು ಕೇಳಿದವರಿಗೆ ‘ಸಿಟ್ಟಿನಲ್ಲಿ ಹಾಡುವ ಖುಷಿಯ ಹಾಡು’ ಎನ್ನುತ್ತಿದ್ದೆವು. ಕೇಳಿದವರ ಗೊಂದಲ ಇನ್ನೂ ಹೆಚ್ಚುತ್ತಿತ್ತು. ಹೇಳಿದ ನಮಗೂ ಅಷ್ಟೆ.

ಎಂಟು ಇಂಗ್ಲಿಷ್ ಹಾಡುಗಳನ್ನು ಕೋಣನಕುಂಟೆಯ ಒಂದು ಪುಟ್ಟ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದೆವು. ಪಕ್ಕದಲ್ಲೇ ಮರ ಕೊಯ್ಯುವ ಮಿಲ್ಲು. ಗರಗಸ ಶುರುವಾದಾಗ ನಾವು ನಿಲ್ಲಿಸುತ್ತಿದ್ದೆವು. ನಾಲ್ಕನೇ ಹಾಡಿನಲ್ಲಿ ಮಾತ್ರ ಅದೂ ನಿಲ್ಲಲಿಲ್ಲ, ನಾವೂ ನಿಲ್ಲಲಿಲ್ಲ.

ಸಿಡಿ ಹೊರಬಂತು. ಜನ ಏನಂದರು? ಅದೇ ಇವತ್ತಿಗೂ ನನಗೆ ಸರಿಯಾಗಿ ತಿಳಿಯದ ಸಂಗತಿ. ಒಂದು ವೆಬ್‌ಸೈಟಿನವರು ನಾಲ್ಕನೇ ಹಾಡಿನ ಕೊನೆಗೆ ಗಿಟಾರಿನಿಂದ ಹೊರಡಿಸಿದ ಕರ್ಕಶ ನಾದ ದಿಟ್ಟ ಪ್ರಯೋಗ ಎಂದು ಬರೆದರು. ಕ್ಲಾಸಿನ ಗೆಳೆಯನೊಬ್ಬ ‘ಸಖತ್ ಮಗಾ, ಒಂದೊಂದು ಹಾಡೂ ಸಖತ್’ ಎಂದು ಬೆನ್ನು ತಟ್ಟಿದ. ಅವನ ಜೇಬಿನಲ್ಲಿದ್ದ ಸಿಡಿಯ ಪ್ಲಾಸ್ಟಿಕ್ ಕವರು ಇನ್ನೂ ಒಡೆದಿರಲಿಲ್ಲ. ನಮ್ಮ ಬೇಸ್ ಗಿಟಾರಿನವನು ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮಿನಲ್ಲಿದ್ದ. ಅವನ ಪಕ್ಕದ ರೂಮಿನ ಹುಬ್ಬಳ್ಳಿಯವರು ಎಂಟೂ ಹಾಡನ್ನು ಕೂತು ಕೇಳಿ, ‘ಛಲೋ ಐತ್ರಿ. ಆದ್ರ ಮನ್ಯಾಗ ಏನರ ತ್ರಾಸ ಐತೇನ್ರಿ?’ ಎಂದು ಕಳಕಳಿಯಿಂದ ವಿಚಾರಿಸಿದರು.

ಆಮೇಲೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬೆರಳುದ್ದದ ವಿಮರ್ಶೆ ಬಂತು. ಮೂರು ಸ್ವರ ಕಲಿತ ಹುಡುಗರು ಎಂಟು ಹಾಡು ಮಾಡಿದ್ದಾರೆ, ಹೃದಯ ಮಾತ್ರ ಎಲ್ಲೂ ಕೇಳಿಸುವುದಿಲ್ಲ ಎಂದು ಅದರ ಸಾರಾಂಶ. ಪ್ರಶಾಂತ ಅದನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡ. ಪ್ರ್ಯಾಕ್ಟೀಸಿಗೆ ಬರುವುದನ್ನು ಬಿಟ್ಟ. ಫೋನ್ ಮಾಡಿದರೆ, ‘ಶನಿವಾರದ್ ಪ್ರೋಗ್ರಾಂ ಒಪ್ಕೊಂಡಾಗಿದೆ, ಅದೊಂದು ಮುಗ್ಸಿ ಬಿಟ್ಬಿಡೋಣ ಮಗಾ’ ಎಂದ.

ವಿಮರ್ಶೆಯನ್ನು ಅತ್ತೆಯೂ ಓದಿದರು. ಅವತ್ತಿನಿಂದ ಮಧ್ಯಾಹ್ನ ಊಟವಾದ ಮೇಲೆ ನನ್ನ ಸಿಡಿ ಪ್ಲೇಯರನ್ನು ಮಡಿಲಲ್ಲಿಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಹಾಡುಗಳ ಸಾಹಿತ್ಯದ ಹಾಳೆ ಮತ್ತು ಕೆಂಪು ಪೆನ್ನು ಹಿಡಿದು ಕೂರತೊಡಗಿದರು. ಹುಬ್ಬು ಗಂಟಿಕ್ಕಿರುತ್ತಿತ್ತು. ಅಮ್ಮ ಕಾಫಿ ತಂದು ಎರಡು ಸಲ ಕರೆದರೂ ಕೇಳಿಸುತ್ತಿರಲಿಲ್ಲ. ಗುರುವಾರ ಪ್ರಶಾಂತನನ್ನು ಮನೆಗೆ ಕರೆಸು ಎಂದರು. ಅವನು ಬಂದು ಸೋಫಾದ ತುದಿಯಲ್ಲಿ ಕೂತ.

‘ಈ ಹಾಡುಗಳಲ್ಲಿ ನಿಂಗೆ ಯಾರ ಮೇಲೋ ತುಂಬಾ ಸಿಟ್ಟಿದೆ. ಯಾರ ಮೇಲೆ?’ ಎಂದು ಅತ್ತೆ ಕೇಳಿದರು.

‘ಸಮಾಜದ ಮೇಲೆ ಆಂಟಿ.’

‘ಸಮಾಜದಲ್ಲಿ ಯಾರು?’

ಪ್ರಶಾಂತ ನನ್ನ ಮುಖ ನೋಡಿದ. ‘ನಮ್ ಡಿಪಾರ್ಟ್‌ಮೆಂಟ್ ಎಚ್‌ಓಡಿ’ ಎಂದ.

‘ಅಷ್ಟೇನಾ? ಹಾಗಿದ್ರೆ ಹಾಗೇ ಬರಿ. ಸಮಾಜ ಅಂದ್ರೆ ನಾನೂ ಸೇರ್ಕೋತೀನಿ, ಬೇಜಾರಾಗುತ್ತೆ’ ಎಂದು ಹಾಳೆಯನ್ನು ಅವನ ಕೈಗಿತ್ತರು. ಇಂಗ್ಲಿಷ್ ವ್ಯಾಕರಣದ ತಪ್ಪುಗಳಿಗೆಲ್ಲ ಕೆಂಪು ಸುತ್ತು ಬಿದ್ದಿತ್ತು. ಕೆಳಗೆ ಅಂಕ: ನೂರಕ್ಕೆ ನಲವತ್ತೊಂದು. ಪ್ರಶಾಂತ ಅದನ್ನೂ ಮಡಿಚಿ ಪರ್ಸಿನಲ್ಲಿಟ್ಟುಕೊಂಡ.

ಶನಿವಾರ ಸಂಜೆ ಜೆ.ಪಿ. ನಗರದ ಒಂದು ಸಭಾಂಗಣದಲ್ಲಿ ನಾಲ್ಕೈದು ಬ್ಯಾಂಡ್‌ಗಳ ಕಾರ್ಯಕ್ರಮ. ಬರಬೇಡಿ ಎಂದರೂ ಅತ್ತೆ ಬಂದರು. ಕರಿ ಟೀಶರ್ಟುಗಳ ನಡುವೆ ಅವರದೊಂದೇ ಕಾಟನ್ ಸೀರೆ. ನಮ್ಮ ಸರದಿ ಬರುವ ಮುಂಚೆ, ಆ ವಿಮರ್ಶೆ ಬರೆದವನೂ ಬಂದಿದ್ದಾನೆಂದು ಯಾರೋ ತೋರಿಸಿದರು. ನಮಗಿಂತ ಎರಡು ಮೂರು ವರ್ಷ ದೊಡ್ಡವನಿದ್ದಿರಬೇಕು, ಅಷ್ಟೆ. ನಾನು ತಡೆಯುವುದರೊಳಗೆ ಅತ್ತೆ ಅವನ ಮುಂದೆ ನಿಂತಿದ್ದರು. ಪ್ರಶಾಂತನೂ ನಾನೂ ಹಿಂದೆ ಓಡಿದೆವು.

‘ಈ ಹುಡುಗ್ರ ಆಲ್ಬಂ ಬಗ್ಗೆ ಬರ್ದೋರು ನೀವೇನಾ? ಎಷ್ಟು ಸಲ ಕೇಳಿದ್ರಿ?’

ಅವನು ತಬ್ಬಿಬ್ಬಾದ. ‘ಒಂದ್ಸಲ ಮೇಡಂ. ಅಂದ್ರೆ... ಪೂರ್ತಿ ಅಂತಲ್ಲ.’

‘ನಾನು ಹನ್ನೊಂದು ಸಲ ಕೇಳಿದೀನಿ. ನಂಗೂ ಇಷ್ಟ ಆಗ್ಲಿಲ್ಲ. ಆದ್ರೆ ಹನ್ನೊಂದು ಸಲ ಕೇಳಿ ಇಷ್ಟ ಆಗ್ಲಿಲ್ಲ.’

ಅವನು ‘ಇನ್ನೊಂದ್ಸಲ ಕೇಳ್ತೀನಿ ಮೇಡಂ’ ಎಂದ. ‘ಕೇಳಿ’ ಎಂದು ಅತ್ತೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು.

‘ಅಲ್ಲ ಮಗಾ, ನಿಮ್ಮತ್ತೆ ನಮ್ ಕಡೆನಾ, ಅವ್ನ್ ಕಡೆನಾ?’ ಎಂದು ಪ್ರಶಾಂತ ಪಿಸುಗುಟ್ಟಿದ.

‘ಗೊತ್ತಾಗ್ತಿಲ್ಲ ಗುರು.’

ಅವನು ನಗಲು ಶುರು ಮಾಡಿದ. ವಿಮರ್ಶೆ ಬಂದ ಮೇಲಿನ ಹತ್ತು ದಿನಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲು. ನಗುತ್ತಲೇ ವೇದಿಕೆ ಹತ್ತಿದ, ನಗುತ್ತಲೇ ಹಾಡಿನಲ್ಲಿ ಎಚ್‌ಓಡಿಯ ಮೇಲೆ ಕಿರುಚಿದ. ಚಪ್ಪಾಳೆ ಸುಮಾರಾಗಿ ಬಂತು. ಬಿಡುವ ಮಾತು ಯಾರೂ ಎತ್ತಲಿಲ್ಲ, ಬ್ಯಾಂಡು ಇನ್ನೂ ಒಂದು ವರ್ಷ ನಡೆಯಿತು. ವಿಮರ್ಶಕ ಮತ್ತೆ ಕೇಳಿದನೋ ಇಲ್ಲವೋ ಗೊತ್ತಿಲ್ಲ. ಏನೂ ಬರೆಯಲಿಲ್ಲ.

ಅವತ್ತು ಮನೆಗೆ ಆಟೋದಲ್ಲಿ ಬರುವಾಗ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ನಿಧಾನವಾಗಿ ಕೇಳಿದರು: ‘ಆರನೇ ಹಾಡಲ್ಲಿ, ಎರಡನೇ ಸಲ ಪಲ್ಲವಿ ಬರೋಕ್ ಮುಂಚೆ, ನಿಂದು ಒಂದು ಏಟು ತಪ್ಪಿದೆ. ಅಲ್ವಾ?’

ಅದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಯಾವ ವಿಮರ್ಶಕನೂ ಹಿಡಿದಿರಲಿಲ್ಲ, ಪ್ರಶಾಂತನೂ ಹಿಡಿದಿರಲಿಲ್ಲ.

‘ಹೌದು ಅತ್ತೆ. ತುಂಬಾ ಕೆಟ್ಟದಾಗಿ ಕೇಳ್ಸುತ್ತಾ?’

‘ಅದು ನಂಗೊತ್ತಿಲ್ಲ ಕಣೋ’ ಎಂದರು. ಆಟೋ ಸಿಗ್ನಲ್ಲಿನಲ್ಲಿ ನಿಂತಿತ್ತು. ಅತ್ತೆ ಹೊರಗೆ ನೋಡುತ್ತಿದ್ದರು. ‘ಆ ಜಾಗ ಹತ್ರ ಬರ್ತಿದ್ದ ಹಾಗೆ ಪ್ರತಿಸಲಾನೂ ಉಸಿರು ಹಿಡ್ಕೊಂಡ್ ಕೂತಿರ್ತೀನಿ. ಈ ಸಲ ಸರಿಯಾಗ್ ಹೊಡೀತಾನೇನೋ ಅಂತ.’